ಮಡ್‌ಗಾರ್ಡಿನ ಮೇಲಿನ ಕೌದಿ

ಕಲಬುರಗಿಯಲ್ಲಿ ಪೊಲೀಸ್ ತರಬೇತಿಗೆ ಸೇರಿದ ಮೇಲೆ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದೆ. ಜಗತ್ ಸರ್ಕಲ್‌ನಲ್ಲಿ ಇಡೀ ದಿನ ನಿಂತರೂ ಬೈಕಿನ ಪಕ್ಕಕ್ಕೆ ಜೋಡಿಸುವ ಒಂದು ಸೈಡ್‌ಕಾರ್ ಕಣ್ಣಿಗೆ ಬೀಳುವುದಿಲ್ಲ, ಕಾಯ್ದೆಯಲ್ಲಿ ಮಾತ್ರ ಅದು ಠೀವಿಯಿಂದ ಕೂತಿದೆ. ನಗುತ್ತಲೇ ಕಲಿಯುತ್ತಿದ್ದೆ, ಟ್ರ್ಯಾಕ್ಟರಿನ ವ್ಯಾಖ್ಯೆ ಬರುವ ತನಕ.

"ತನ್ನನ್ನು ಓಡಿಸುವ ಸಲಕರಣೆಯ ಹೊರತು ಬೇರೆ ಯಾವ ಭಾರವನ್ನೂ ತಾನೇ ಹೊರುವಂತೆ ನಿರ್ಮಿಸಿರದ ಮೋಟಾರು ವಾಹನ" ಎಂದು ಪಾಠ ಮಾಡುವ ಸಾಹೇಬರು ಓದಿದರು. ನನ್ನ ಕಿವಿಯಲ್ಲಿ ಹಸಿರು ಬಳೆಗಳು ಒಡೆದವು.

ನಮ್ಮ ಕಮಲಾಪುರದ ಕಡೆ ಟ್ರ್ಯಾಕ್ಟರಿನಲ್ಲಿ ಮರ್ಯಾದೆಯ ಜಾಗವೆಂದರೆ ದೊಡ್ಡ ಗಾಲಿಯ ಮೇಲಿನ ಮಡ್‌ಗಾರ್ಡ್. ಹಿಂದಿನ ಟ್ರೇಲರ್ ವಿಪರೀತ ಕುಲುಕುತ್ತದೆಂದು ಹಿರಿಯರನ್ನೂ ಬಸುರಿಯರನ್ನೂ ಅಲ್ಲಿ, ಓಡಿಸುವವನ ಪಕ್ಕ ಕೂರಿಸುತ್ತಾರೆ. ಸೀಮಂತದ ಕುಬಸ ಮುಗಿಸಿ ಹಸಿರು ಬಳೆ ತೊಟ್ಟಿದ್ದ ಅಕ್ಕನಿಗೆ, ಟ್ರ್ಯಾಕ್ಟರ್ ಓಡಿಸುವ ಅಪ್ಪ ತಾನೇ ಕೌದಿ ಮಡಚಿ ಹಾಸಿದ್ದ. ಬಾಳೆತೋಟದ ತಿರುವಿನಲ್ಲಿ ಗಾಲಿ ತಗ್ಗಿಗಿಳಿಯಿತು, ಅಕ್ಕ ಬಿದ್ದಳು. ಟ್ರೇಲರಿನಲ್ಲಿದ್ದ ನನಗೆ ಕೇಳಿಸಿದ್ದು ಬಳೆಗಳ ಸದ್ದೊಂದೇ. ಅಕ್ಕ ಉಳಿಯಲಿಲ್ಲ.

ಊರೆಲ್ಲ ಆ ತಗ್ಗನ್ನು ಬೈಯಿತು, ಅಪ್ಪನೂ ಬೈದ. ಕೌದಿ ಮಾತ್ರ ಇವತ್ತಿಗೂ ಮಡ್‌ಗಾರ್ಡಿನ ಮೇಲೇ ಇದೆ, ಹಗ್ಗ ಬಿಗಿದು ಕಟ್ಟಿದ್ದಾನೆ. ಸಂಜೆ ಗಾಳಿಗೆ ಅದರ ಅಂಚು ಅಲುಗಿದರೆ ಯಾರೋ ಸರಿದು ಕೂತಂತಾಗುತ್ತದೆ.

ರಜೆಗೆ ಹೋದಾಗಲೆಲ್ಲ ಅಪ್ಪ, "ಏನ್ ಕಲ್ತಿ, ಹೇಳವ್ವ" ಎನ್ನುತ್ತಿದ್ದ. ಲಾರಿ, ಟ್ರೇಲರ್, ಸೈಡ್‌ಕಾರ್ ಎಲ್ಲ ಹೇಳಿ ಟ್ರ್ಯಾಕ್ಟರನ್ನು ಹಾರಿಸುತ್ತಿದ್ದೆ. ತಾನು ಪ್ರೀತಿಯಿಂದ ಕೊಟ್ಟದ್ದು ಕಾಯ್ದೆಯ ಪ್ರಕಾರ ಕೂರುವ ಜಾಗವೇ ಅಲ್ಲವೆಂದು ತಿಳಿದರೆ ಈ ಮನುಷ್ಯ ಕುಸಿದೇ ಹೋಗುತ್ತಾನೆಂದು ಹೆದರಿದ್ದೆ.

ಹೋದ ಸಲ ಬಸ್ ಇಳಿದಾಗ ಅಪ್ಪ ಟ್ರ್ಯಾಕ್ಟರ್ ತಂದು ಕಾಯುತ್ತಿದ್ದ. ಅದೇ ಬಸ್ಸಿನಲ್ಲಿ ಬಂದಿದ್ದ ಪಕ್ಕದ ಮನೆಯಾಕೆ ಬಸುರಿ ಸೊಸೆಯ ಕೈಹಿಡಿದು ಬಂದು, "ಅಣ್ಣಾ, ಇಕಿನ್ನ ಮುಂದ ಕುಂದ್ರಸ್ಕೋರಿ, ಹಿಂದ ಭಾಳ ಜಿಗೀತದ" ಎಂದಳು.

ಅಪ್ಪ ಇಂಜಿನ್ ಬಂದ್ ಮಾಡಿದ. "ಬ್ಯಾಡ್ರೀ ಯವ್ವ. ಅದು ಕುಂದ್ರೋ ಜಾಗ ಅಲ್ಲ."

ಆಟೊ ಕರೆದು ಅವರಿಬ್ಬರನ್ನೂ ಹತ್ತಿಸಿ ಕಳಿಸಿದ. ಅವನು ಬಂದು ಕೌದಿಯ ಮೇಲೆ ಕೈಯಿಟ್ಟು ನಿಂತ.

"ಒಂದ್ ಬಿಟ್ಟು ಉಳಿದದ್ದೆಲ್ಲಾ ಹೇಳ್ತಿ ನೋಡು. ಅದನ್ನ ಹೇಳವ್ವ ಈಗ."

ಟ್ರ್ಯಾಕ್ಟರಿನ ವ್ಯಾಖ್ಯೆ ಹೇಳಿದೆ. ಕೊನೆಯ ಪದದವರೆಗೂ ಕೇಳಿದ ಅಪ್ಪ, "ಇನ್ನೊಮ್ಮೆ ಹೇಳು" ಎಂದ.