ಗ್ರಹಣದ ಬೆಳಿಗ್ಗೆ ಗಂಗಾಮಣಿ ತೆಗೆದ ಮೂವತ್ತು ಚಿತ್ರ

ಗಂಗಾಮಣಿಯ ವಿಷಯ ಬರೆಯಲು ನನಗೆ ಯಾವ ಯೋಗ್ಯತೆಯೂ ಇಲ್ಲ. ಆದರೆ ನಾನು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ, ಗೊತ್ತಿರುವವನು ನಾನೊಬ್ಬನೇ.

ಪಾಳ್ಯದಾಚೆಯ ಗುಡ್ಡದ ಮೇಲೆ ನಮ್ಮ ರೇಡಿಯೋ ಠಾಣೆ ಇತ್ತು. ಅಲ್ಲಿನ ಯಂತ್ರ ನೆತ್ತಿಯ ಮೇಲಕ್ಕೆ ರೇಡಿಯೋ ಅಲೆ ಕಳಿಸುತ್ತಿತ್ತು. ನೂರಾರು ಕಿಲೋಮೀಟರ್ ಎತ್ತರದಲ್ಲಿ ಬಿಸಿಲಿನಿಂದ ಹುಟ್ಟುವ ವಿದ್ಯುತ್ ಪದರವಿದೆ, ಅಯಾನುಗೋಳ. ಅಲೆ ಅದಕ್ಕೆ ತಗುಲಿ ಹಿಂದಿರುಗುತ್ತಿತ್ತು. ಕಾಲು ಗಂಟೆಗೊಮ್ಮೆ ಗುಂಡಿ ಒತ್ತಿದರೆ ಅದರ ಚಿತ್ರ ಫಿಲ್ಮಿನಲ್ಲಿ ಮೂಡುವುದು, ನಾನು ಪರದೆ ನೋಡಿ ಪುಸ್ತಕದಲ್ಲಿ ಅಂಕಿ ಬರೆಯುವುದು. ದೇಶದಲ್ಲಿ ಅಂಥ ಏಳು ಠಾಣೆಗಳು ಒಂದೇ ಹೊತ್ತಿಗೆ ಆಕಾಶ ನೋಡುತ್ತಿದ್ದವು.

ನಾನು ತಾತ್ಕಾಲಿಕ ಆಪರೇಟರ್. ಗಂಗಾಮಣಿ ದಿನಗೂಲಿಯವಳು. ಕಸ ಗುಡಿಸಿ, ಆಂಟೆನಾ ಕಂಬಕ್ಕೆ ಹಬ್ಬಿದ ಬಳ್ಳಿ ಕಿತ್ತು, ನನಗೆ ಕಾಫಿ ಕಾಸಿ ಕೊಡುತ್ತಿದ್ದಳು. ಮೊದಲು ಎಸ್ಟೇಟಿನಲ್ಲಿ ಕಾಫಿ ಹಣ್ಣು ಬಿಡಿಸುತ್ತಿದ್ದವಳು. ಓದು ಬರಹ ಇಲ್ಲ, ಬಾಯಿ ಮಾತ್ರ ಜೋರು. ನಾನು ತೂಕಡಿಸಿದರೆ, ಆಕಾಶ ಕಳಚಿ ಬಿದ್ದರೂ ನಿಮಗೆ ಗೊತ್ತಾಗಾಕಿಲ್ಲ ಎಂದು ರೇಗಿಸುತ್ತಿದ್ದಳು.

1995ರ ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ಸೂರ್ಯಗ್ರಹಣ. ಬಿಸಿಲು ಮರೆಯಾದಾಗ ಆ ಪದರ ಎಷ್ಟು ಕುಗ್ಗುತ್ತದೆಂದು ನೋಡಲು ಐದೈದು ನಿಮಿಷಕ್ಕೆ ಚಿತ್ರ ತೆಗೆಯಬೇಕೆಂದು ಬೆಂಗಳೂರಿನಿಂದ ಆದೇಶ ಬಂದಿತ್ತು. ದೊಡ್ಡ ಮುಳ್ಳು ಒಂದೊಂದು ಅಂಕಿ ದಾಟುವಾಗಲೂ ಒತ್ತಬೇಕಂತೆ ಎಂದು ಗಂಗಾಮಣಿಗೂ ಹೇಳಿದ್ದೆ. ನನ್ನ ಹೆಂಡತಿ ಏಳು ತಿಂಗಳ ಬಸುರಿ. ಗ್ರಹಣದ ಹೊತ್ತಿನಲ್ಲಿ ಬಸುರಿಯ ಗಂಡನೂ ಹೊಸ್ತಿಲು ದಾಟಬಾರದೆಂದು ಅವ್ವ ಹಟ ಹಿಡಿದಿದ್ದಳು. ಅದೆಲ್ಲ ಸುಳ್ಳು ಎಂದು ಜಂಬದಿಂದ ಬಂದ ಬಿ.ಎಸ್ಸಿ. ಓದಿದ ಗಂಡಸು ನಾನು. ಏಳು ಗಂಟೆಗೆ, ಅವ್ವ ಹೇಳಿದ್ದೇ ನಿಜವಾಗಿಬಿಟ್ಟರೆ ಎಂಬ ಭಯ ಹತ್ತಿತು. ಬಿಸಿಯಾಗಲೆಂದು ಚಾಲೂ ಮಾಡಿಟ್ಟಿದ್ದ ಯಂತ್ರವನ್ನು ಹಾಗೇ ಬಿಟ್ಟು, ಬೀಗ ಹಾಕಿಕೊಂಡು ನೀನೂ ಹೋಗು ಎಂದು ಗಂಗಾಮಣಿಗೆ ಹೇಳಿ, ಲೂನಾ ಹತ್ತಿ ಆಲೂರಿನ ಮನೆಗೆ ಓಡಿದೆ.

ಅವಳು ಹೋಗಲಿಲ್ಲ. ಮಧ್ಯಾಹ್ನ ತಲೆಗೆ ಸ್ನಾನ ಮಾಡಿ ನಾನು ವಾಪಸ್ಸಾದಾಗ ಯಂತ್ರದ ಪಕ್ಕದಲ್ಲೇ ಕೂತಿದ್ದಳು. ಗೋಡೆ ಗಡಿಯಾರದ ದೊಡ್ಡ ಮುಳ್ಳು ಒಂದೊಂದು ಅಂಕಿಗೆ ಬಂದಾಗಲೂ ಗುಂಡಿ ಒತ್ತಿದೆ, ಒತ್ತಿದ್ದಕ್ಕೊಂದು ಕಾಫಿಬೀಜ ಎತ್ತಿಟ್ಟೆ ಎಂದು ತೋರಿಸಿದಳು. ಮೂವತ್ತು ಬೀಜ. ಫಿಲ್ಮೆಲ್ಲ ಹಾಳಾಯಿತು, ನಿನ್ನಿಂದ ನನ್ನ ಕೆಲಸ ಹೋಗುತ್ತದೆ ಎಂದು ಬಾಯಿಗೆ ಬಂದಂತೆ ಬೈದೆ. ಆಮೇಲೆ ಹಿಂದಿನ ದಿನದ ಅಂಕಿಗಳನ್ನೇ ಅಷ್ಟಿಷ್ಟು ತಿದ್ದಿ ಪುಸ್ತಕ ತುಂಬಿಸಿ, ಫಿಲ್ಮಿನ ಜೊತೆ ಕಳಿಸಿಬಿಟ್ಟೆ.

ತಿಂಗಳ ಮೇಲೆ ಬೆಂಗಳೂರಿನ ಸಾಹೇಬರ ಜೀಪು ಬಂತು. ನನ್ನ ಸುಳ್ಳು ಅಂಕಿ ಸಿಕ್ಕಿಬಿತ್ತು ಎಂದುಕೊಂಡೆ. ಅವರು ಇಂಗ್ಲಿಷಿನಲ್ಲಿ ಹೇಳಿದ್ದೇ ಬೇರೆ. ಏಳು ಠಾಣೆಗಳಲ್ಲಿ ಒಂದೂ ಬಿಡದೆ ಚಿತ್ರ ಬಂದಿರುವುದು ನಮ್ಮಲ್ಲಿಂದ ಮಾತ್ರ, ಪದರ ಕುಗ್ಗಿ ಮತ್ತೆ ಚೇತರಿಸಿಕೊಂಡದ್ದು ಸ್ಪಷ್ಟವಾಗಿ ಕಾಣುತ್ತದೆ ಎಂದರು. ಪುಸ್ತಕದ ಅಂಕಿ ಯಾಕೆ ಹೊಂದುವುದಿಲ್ಲ ಎಂದು ಕೇಳಿದರು. ಆತುರದಲ್ಲಿ ತಪ್ಪಿರಬೇಕು ಎಂದೆ, ನಂಬಿದರು. ಆ ಬೆಳಿಗ್ಗೆ ಯಂತ್ರದ ಮುಂದೆ ಕೂತವರನ್ನು ಖಾಯಂ ಮಾಡಲು ಶಿಫಾರಸು ಮಾಡುತ್ತೇನೆ, ಶಾಂತಮಲ್ಲಪ್ಪ, ನೀವೇ ತಾನೆ ಎಂದರು.

ಗಂಗಾಮಣಿ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಇಂಗ್ಲಿಷ್ ಅವಳಿಗೆ ಬಾರದು. ನಾನೇ ಎಂದೆ. ಥೂ, ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಿಂದ ಮೈ ಮುದುಡುತ್ತದೆ.

ಜೀಪು ಗುಡ್ಡ ಇಳಿದ ಮೇಲೆ ಅವಳು ಹತ್ತಿರ ಬಂದಳು. ಬೈಸಿಕೊಂಡ ದಿನದಿಂದ ನನ್ನನ್ನು ರೇಗಿಸುವುದನ್ನೂ ಬಿಟ್ಟಿದ್ದಳು.

"ಸಾರ್, ನಾ ಒತ್ತಿದ್ದು ಕೆಟ್ಟೋಗಿತ್ತಾ? ನಿಮ್ಗೇನಾರ ಅಂದ್ರಾ?"

"ಇಲ್ಲ. ಏನೂ ಅನ್ನಲಿಲ್ಲ."

"ಸದ್ಯ. ನನ್ನಿಂದ ನಿಮ್ ಕೆಲ್ಸ ಹೋಗ್ಬುಡ್ತದೆ ಅಂತ ದಿನಾ ದೇವ್ರಿಗೆ ಕೈ ಮುಗೀತಿದ್ದೆ ಕಣ್ ಸಾರ್. ಇನ್ಮೇಲೆ ಆ ಗುಂಡಿ ಮುಟ್ಟಾಕಿಲ್ಲ."

ಠಾಣೆ ಮುಚ್ಚುವವರೆಗೆ ಏಳು ವರ್ಷ ಅವಳು ದಿನಗೂಲಿಯಲ್ಲೇ ಉಳಿದಳು. ದಿನಾ ಬೆಳಿಗ್ಗೆ ಯಂತ್ರದ ಧೂಳು ಒರೆಸುವಾಗ ಆ ಗುಂಡಿಯೊಂದನ್ನು ಬಿಟ್ಟು ಒರೆಸುತ್ತಿದ್ದಳು. ಖಾಯಂ ಆಗಿದ್ದ ನಾನು ನೋಡಿಕೊಂಡು ಸುಮ್ಮನಿರುತ್ತಿದ್ದೆ.