ಕಾರಿನ ಬಾಲದೊಳಗೆ ಎರಡು ಬಡಿತ

ಸದ್ದಣ್ಣನ ಮುತ್ತಜ್ಜ ತಾಮ್ರದ ಹಂಡೆ ಬಡಿದವನು. ಅವನ ಹಂಡೆಯೊಂದು ಮಹಡಿಯಿಂದ ಉರುಳಿದಾಗ ಹಂಡೆಗೆ ಏನೂ ಆಗದೆ ಮೆಟ್ಟಿಲು ಒಡೆಯಿತಂತೆ. ಅಜ್ಜ ಕುದುರೆ ಸಾರೋಟುಗಳಿಗೆ ತಗಡು ಹೊದಿಸಿದವನು. ಕುದುರೆ ಹೋಗಿ ಮೋಟಾರು ಬಂದಾಗ ಅಪ್ಪ ಅದೇ ಸುತ್ತಿಗೆ ಹಿಡಿದು ಮಡ್‌ಗಾರ್ಡು ತಿದ್ದಿದ. ಅಂಥ ಮನೆಯಲ್ಲಿ ಹುಟ್ಟಿದವರು ಇಬ್ಬರು. ಅಣ್ಣ ಮಾತಿನಮಲ್ಲ. ತಮ್ಮ ತಗಡಿನ ಸದ್ದು ಕೇಳಿಯೇ ಅದರ ಹೊಟ್ಟೆನೋವು ಹೇಳುತ್ತಿದ್ದ, ಅದಕ್ಕೇ ಅವನು ಸದ್ದಣ್ಣ. ಅವರ ಶೆಡ್ಡಿನ ಪಕ್ಕದಲ್ಲೇ ನಾನು ಕಾರಿನ ಸೀಟು ಹೊಲಿಯುತ್ತಿದ್ದೆ. ಮುಂದಿನದೆಲ್ಲ ನಾನು ಕಣ್ಣಾರೆ ಕಂಡದ್ದು.

ಆ ಕಾರು ಎರಡನೇ ಮಹಾಯುದ್ಧಕ್ಕೆ ಮೊದಲು ಇಂಗ್ಲೆಂಡಿನಲ್ಲಿ ತಯಾರಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಮರದ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ಹೊದಿಕೆ, ಹಿಂದೆ ದೋಣಿಯ ಮೂತಿಯಂತೆ ಚೂಪಾದ ಬಾಲ. ಹಡಗಿನಲ್ಲಿ ತರಿಸಿದವನು ಒಬ್ಬ ಎಂಜಿನಿಯರು. ಯುದ್ಧ ಶುರುವಾಗಿ ಪೆಟ್ರೋಲಿಗೆ ಬರ ಬಂದಾಗ ಅವನು ಅದನ್ನು ಡಾಕ್ಟರೊಬ್ಬರಿಗೆ ದಾಟಿಸಿದ. ಡಾಕ್ಟರಿಂದ ಅದು ಮರದ ವ್ಯಾಪಾರದ ಸಾಹುಕಾರರ ಕೈಗೆ ಬಂತು. ಕೊಂಡ ವಾರವೇ ಸಾಹುಕಾರರು ಬಾಲವನ್ನು ಗೋಡೆಗೆ ಗುದ್ದಿಸಿ ಅಣ್ಣತಮ್ಮಂದಿರ ಮುಂದೆ ತಂದು ನಿಲ್ಲಿಸಿದರು.

ಬಾಲ ತಿದ್ದುವುದು ಒಬ್ಬನ ಕೆಲಸವಲ್ಲ. ಸೀಟು ಬಿಚ್ಚಿ, ಒಬ್ಬ ಅಂಗಾತ ಒಳಗೆ ನುಸುಳಿ, ತಗಡಿನ ಹಿಂದೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಇನ್ನೊಬ್ಬ ಹೊರಗಿನಿಂದ ಸುತ್ತಿಗೆ ಹಾಕಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣದು. ಒಳಗಿನವನು ಒಮ್ಮೆ ಬಡಿದರೆ ‘ಜರುಗು’, ಎರಡು ಸಲ ಬಡಿದರೆ ‘ಸಾಕು’. ಒಳಗಿರುತ್ತಿದ್ದವನು ಯಾವಾಗಲೂ ಅಣ್ಣ. ಒಳಗಿನಿಂದ ಅವನು ತಟ್ಟುತ್ತಿದ್ದ ಸುತ್ತಿಗೆಯ ಅಂಚು ಒಡೆದಿತ್ತು. ಅದು ಬಿದ್ದ ಕಡೆಯೆಲ್ಲ ಚಂದ್ರನ ಚೂರಿನಂಥ ಗುರುತು.

ಕೆಲಸ ಮುಗಿದ ಮಧ್ಯಾಹ್ನ, “ಒಂದು ಸುತ್ತು ಹೋಗಿ ಬರ್ತೀನಿ, ಚಹಾ ಹೇಳಿರೋ” ಎಂದು ಅಣ್ಣ ಕಾರು ತೆಗೆದ. ಸೇತುವೆಯ ತಿರುವಿನಲ್ಲಿ ಕಾರು ಜಾರಿ, ಬಾಲ ಬಂಡೆಗೆ ಬಡಿದು, ಅವನನ್ನು ಕಲ್ಲಿನ ಮೇಲೆ ಎಸೆಯಿತು. ಚಹಾ ಬಂತು, ಅಣ್ಣ ಬರಲಿಲ್ಲ. ಸಾಹುಕಾರರು ಕಾರನ್ನು ಗೋದಾಮಿಗೆ ತಳ್ಳಿಸಿ ಬಾಗಿಲು ಹಾಕಿಸಿದರು.

ಸದ್ದಣ್ಣನ ತಲೆ ಪೂರ್ತಿ ನರೆತ ಮೇಲೆ ಸಾಹುಕಾರರ ಮೊಮ್ಮಗಳು ಆ ಬಾಗಿಲು ತೆಗೆಸಿದಳು. ಕಾರನ್ನು ಮತ್ತೆ ರಸ್ತೆಗಿಳಿಸಬೇಕೆಂದು ಅವಳ ಹಟ. ಎಂಜಿನ್ನು, ಚೌಕಟ್ಟು ಬೇರೆಯವರು ಮಾಡಿದರು. ನಜ್ಜುಗುಜ್ಜಾದ ಬಾಲ ಸದ್ದಣ್ಣನ ಪಾಲಿಗೆ ಬಂತು.

“ಹಳೇದನ್ನ ಕತ್ತರಿಸಿ ಹೊಸ ತಗಡು ಹಾಕಿಬಿಡೋಣ ಅಜ್ಜ” ಎಂದಳು.

ಸದ್ದಣ್ಣ ಒಳಗೆ ದೀಪ ಹಿಡಿದ. ತಗಡಿನ ತುಂಬ ಚಂದ್ರನ ಚೂರುಗಳು.

“ಹಾಗಿದ್ರೆ ಮೊದಲು ನನ್ನ ಕೈ ಕತ್ತರಿಸಮ್ಮ. ಇದು ನಮ್ಮಣ್ಣ ಬಡಿದದ್ದು. ಅವನ ಕೈಕೆಲಸ ಇನ್ನೆಲ್ಲೂ ಉಳಿದಿಲ್ಲ.”

ಅವಳು ಒಪ್ಪಿ, ಒಳಗೆ ಹಿಡಿಯಲು ಗಟ್ಟಿಮುಟ್ಟಾದ ಒಬ್ಬ ಫಿಟ್ಟರನ್ನು ಕಳಿಸಿದಳು. ಸದ್ದಣ್ಣ ಬಡಿಯತೊಡಗಿದ. ಬಡಿದ, ಬಡಿದ, ಬಡಿಯುತ್ತಲೇ ಹೋದ.

“ಏನ್ ಯಜಮಾನ್ರೇ, ನನ್ನ ಬುರುಡೇನೂ ಸೇರಿಸಿ ತಿದ್ದಬೇಕು ಅಂತಿದ್ದೀರಾ?” ಎಂದು ಫಿಟ್ಟರು ಒಳಗಿಂದ ಕೂಗುವ ಹೊತ್ತಿಗೆ ತಗಡು ಹಿಗ್ಗಿ ಉಬ್ಬಿಹೋಗಿತ್ತು.

“ನೀನು ಎರಡು ಸಲ ಬಡೀಲೇ ಇಲ್ವಲ್ಲೋ” ಎಂದ ಸದ್ದಣ್ಣ. ಫಿಟ್ಟರಿಗೆ ತಲೆಬುಡ ತಿಳಿಯಲಿಲ್ಲ. ಅವನಿಗೆ ಅದನ್ನು ಹೇಳಿಕೊಡಬೇಕೆಂದು ಸದ್ದಣ್ಣನಿಗೆ ಹೊಳೆದೇ ಇರಲಿಲ್ಲ.

ಮೊಮ್ಮಗಳು ಉಬ್ಬಿನ ಮೇಲೆ ಕೈಯಾಡಿಸಿದಳು. “ಇನ್ನೊಂದು ಸಲ ನೋಡಿ ಅಜ್ಜ. ಆಗದಿದ್ರೆ ಸೋಮವಾರ ಕತ್ತರಿಸೋದೇ.”

ಮರುದಿನ ಬೆಳಿಗ್ಗೆ ಸದ್ದಣ್ಣ ಒಬ್ಬನೇ ಸುತ್ತಿಗೆ ಹಿಡಿದು ನಿಂತ. ಗಟ್ಟಿಯನ್ನು ಗೋಣಿಚೀಲದ ಸಿಂಬಿಯ ಮೇಲೆ ಒಳಗೆ ಆನಿಸಿಟ್ಟಿದ್ದ. ಹಾಗೆ ಆನಿಸಿಟ್ಟರೆ ತಗಡು ‘ಡಬ್’ ಎನ್ನಬೇಕು. ನನ್ನ ಕಿವಿಗೆ ಬಿದ್ದದ್ದು ‘ಠಣ್’, ಒಳಗೆ ಒಬ್ಬ ಗಟ್ಟಿ ಒತ್ತಿ ಹಿಡಿದಾಗ ಬರುವ ಸದ್ದು. ನನ್ನ ಸೂಜಿ ನಿಂತುಹೋಯಿತು. ಎದ್ದು ಹೋಗಿ ಬಗ್ಗಿ ನೋಡಿದೆ. ಗೋಣಿ ಜಾರಿ ಕೆಳಗೆ ಬಿದ್ದಿತ್ತು. ಗಟ್ಟಿ ಎಲ್ಲಿದೆಯೆಂದು ನೋಡುವ ಧೈರ್ಯ ನನಗಾಗಲಿಲ್ಲ.

ಸದ್ದಣ್ಣ ತಟ್ಟನೆ ಕೈ ತಡೆದ. ತಲೆ ವಾಲಿಸಿದ. ಬೆರಳಷ್ಟು ಜರುಗಿ ಮತ್ತೆ ಬಡಿದ. ಒಳಗಿನ ಬಡಿತ ನನಗೆ ಕೇಳಿಸಲಿಲ್ಲ, ಅವನಿಗೆ ಕೇಳಿಸಿತ್ತು. ಉಬ್ಬು ಇಳಿಯುತ್ತ ಬಂತು.

ಅಷ್ಟರಲ್ಲಿ ಅಣ್ಣನ ಹೆಂಡತಿ ಬುತ್ತಿ ತಂದಳು. ಮೈದುನನ ಬೆವರು ನೋಡಿ ಗದರಿದಳು.

“ಒಬ್ಬನೇ ಎಷ್ಟು ಅಂತ ಸಾಯ್ತೀಯೋ? ಸರಿ ಆ ಕಡೆ, ನಾನು ಒಳಗೆ ಹೋಗಿ ಹಿಡೀತೀನಿ. ಎರಡು ಸಲ ಬಡೀಬೇಕು, ಅಷ್ಟೇ ತಾನೆ? ನಿಮ್ಮಣ್ಣ ಊಟ ಸಾಕು ಅನ್ನೋಕೂ ತಟ್ಟೆ ಎರಡು ಸಲ ಬಡೀತಿದ್ರು. ನನಗೆ ಗೊತ್ತಿಲ್ವಾ?”

ಚಪ್ಪಲಿ ಬಿಟ್ಟು ಮುದುಕಿ ಒಳಕ್ಕೆ ತಲೆ ಹಾಕಲು ಬಗ್ಗಿಯೂಬಿಟ್ಟಳು. ಸದ್ದಣ್ಣ ಅಡ್ಡ ನಿಂತ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ಬೇಡ ಅತ್ತಿಗೆ. ಬುತ್ತಿ ಇಟ್ಟು ಮನೆಗೆ ಹೋಗಿ. ಅಲ್ಲಿ ಒಬ್ಬರಿಗಷ್ಟೇ ಜಾಗ ಇರೋದು.”