ವಿಭೂತಿ ಡಬ್ಬಿಯ ಪೆನ್ ಡ್ರೈವ್

ಅಂಗಡಿಯಲ್ಲಿ ಇನ್ನೂ ಥರ್ಮಾಕೋಲಿನ ವಾಸನೆ ಹೋಗಿಲ್ಲ. ಹೊಸ ಕಂಪ್ಯೂಟರ್ ಬಂದ ಮೊದಲ ನಾಲ್ಕೂ ದಿನ ಅದಕ್ಕೂ ನನಗೂ ಜಗಳ. "ಕೆಂಚನಗುಡ್ಡ" ಎಂದು ಬರೆದರೆ ಕೆಳಗೆ ಕೆಂಪು ಗೆರೆ. "ಬಾದನಹಟ್ಟಿ" ಎಂದರೂ ಕೆಂಪು ಗೆರೆ. ಸಿಟ್ಟಿಗೆ ನನ್ನ ಹೆಸರನ್ನೇ ಬರೆದೆ, ಅದಕ್ಕೂ ಒಂದು ಗೆರೆ ಎಳೆಯಿತು. ಇಪ್ಪತ್ತೆರಡು ವರ್ಷದಿಂದ ಸತ್ಯನಾರಾಯಣಪೇಟೆಯಲ್ಲಿ ಮದುವೆ ಕಾರ್ಡು ಅಚ್ಚಿಗೆ ಜೋಡಿಸುತ್ತ ಕೂತವಳು ನಾನು. ನಿನ್ನೆ ಬಂದ ಪೆಟ್ಟಿಗೆಯಿಂದ ಇಷ್ಟು ಮರ್ಯಾದೆ!

ತಪ್ಪು ನನ್ನದೇ, ಒಪ್ಪಿಕೊಂಡುಬಿಡುತ್ತೇನೆ. ಹಳೆಯ ಕಂಪ್ಯೂಟರನ್ನು ಒಯ್ಯಲು ರಿಪೇರಿಯ ಖಾಜಾ ಬಂದಾಗ, "ಎಲ್ಲಾ ಕಾಪಿ ಮಾಡ್ಕೊಂಡೀರೇನಕ್ಕಾ? ಒಮ್ಮಿ ಅಳಿಸಿದ್ರ ಮತ್ತ ಬರಂಗಿಲ್ಲ ನೋಡ್ರಿ" ಅಂತ ಎರಡು ಸಲ ಕೇಳಿದ. ನಾನು ದೊಡ್ಡ ಪಂಡಿತೆಯಂತೆ, "ಎಲ್ಲಾ ಆಗೇತಿ, ಅಳಿಸಪಾ" ಅಂದೆ. ಕಾಪಿ ಮಾಡಿದ್ದು ಫೈಲುಗಳನ್ನು ಮಾತ್ರ. ಎರಡಕ್ಷರ ಒತ್ತಿ ಸ್ಪೇಸ್ ಕೊಟ್ಟರೆ ಇಡೀ ಮನೆತನದ ಹೆಸರು ಸಾಲಾಗಿ ಬಂದು ನಿಲ್ಲುತ್ತಿದ್ದ ಪಟ್ಟಿ ಬೇರೆ ಎಲ್ಲೋ ಅಡಗಿತ್ತಂತೆ. ಎಲ್ಲಿ ಅಂತ ಅಳಿಸಿದ ಮೇಲೆ ಗೊತ್ತಾಯಿತು.

ಆ ಪಟ್ಟಿ ಗುರುಪಾದಣ್ಣನದು. ಅಂಗಡಿ ಶುರು ಮಾಡಿದವರು, ನನಗೆ ಈ ಕೆಲಸ ಕಲಿಸಿದವರು. ದಿನಾ ಬಾದನಹಟ್ಟಿಯಿಂದ ಬಸ್ಸಿಗೆ ಬರುತ್ತಿದ್ದರು, ಹಣೆಗೆ ಮೂರು ಬೆರಳ ವಿಭೂತಿ, ಕಂಕುಳಲ್ಲಿ ಪತ್ರಿಕೆ. ಮದುವೆ ಕಾರ್ಡೆಂದರೆ ನಮ್ಮ ಕಡೆ ಹುಡುಗ ಹುಡುಗಿಯ ಹೆಸರು ಬಿಡಿ, ಅದು ಸುಲಭ. ಕೆಳಗೆ ಆಮಂತ್ರಿಸುವವರ ಹೆಸರಿರುತ್ತದಲ್ಲ, ರಾಮಾಯಣ ಇರುವುದು ಅಲ್ಲಿ. ಯಾರು ಹಿರಿಯರು, ಯಾರ ಹೆಸರು ಮೊದಲು, ಮಾತು ಬಿಟ್ಟ ತಮ್ಮನನ್ನು ಎಲ್ಲಿ ಕೂರಿಸಬೇಕು. ಒಂದು ಹೆಸರು ಹಿಂದೆ ಮುಂದಾದರೆ ಸಿರುಗುಪ್ಪದಿಂದ ಜೀಪು ಕಟ್ಟಿಕೊಂಡು ಬಂದು ಕೇಳುವವರಿದ್ದಾರೆ. ಗುರುಪಾದಣ್ಣ ಒಂದು ಮನೆತನಕ್ಕೆ ಒಮ್ಮೆ ಪಂಚಾಯ್ತಿ ಮಾಡಿ ಸಾಲು ಗಟ್ಟಿ ಮಾಡಿದರೆಂದರೆ ಪಟ್ಟಿಗೆ ಸೇರಿಸಿಬಿಡುತ್ತಿದ್ದರು. ಮುಗಿದ ಕಾರ್ಡನ್ನಾಗಲಿ ಅದರ ಫೈಲನ್ನಾಗಲಿ ಇಟ್ಟುಕೊಳ್ಳುತ್ತಿರಲಿಲ್ಲ. "ಊಟ ಆದ ಮ್ಯಾಲ ಎಲಿ ಯಾಕ ಇಟ್ಕೊಂತಿ ತಂಗೀ? ಹೆಸರು ಪಟ್ಯಾಗ ಅದಾವಲ್ಲ" ಅನ್ನುತ್ತಿದ್ದರು.

ಅವರ ಉಳಿದ ಸೆಟ್ಟಿಂಗುಗಳನ್ನು ನೋಡಿದ್ದರೆ ನೀವು ನಗುತ್ತಿದ್ದಿರಿ. ಕಣ್ಣು ಉರಿಯುತ್ತವೆಂದು ಪುಟಕ್ಕೆಲ್ಲ ಕಡಲೆಹಿಟ್ಟಿನ ಬಣ್ಣ. ಕೆಂಪು ಗೆರೆ ಪೂರ್ತಿ ಬಂದ್. ತೋರಣದ ಚಿತ್ರಕ್ಕೆ ಒಂದು ಗುಂಡಿ, ಬಾಳೆಕಂಬಕ್ಕೆ ಇನ್ನೊಂದು. ಕಲಿಯುವಾಗ ನಾನು ಎಷ್ಟು ಬೈದುಕೊಂಡಿದ್ದೇನೋ. ಬಾಳೆಕಂಬದ ಗುಂಡಿ ಒತ್ತಿದರೆ ಹೊಸ ಕಂಪ್ಯೂಟರ್ ನನಗೇನೋ ಸಹಾಯ ಬೇಕೇ ಅಂತ ಕೇಳಿತು.

ಪ್ರತಿ ಸೋಮವಾರ ಬೆಳಿಗ್ಗೆ ಅವರದೊಂದು ಕೆಲಸವಿತ್ತು. ವಾರದ ಪತ್ರಿಕೆಗಳ ಶ್ರದ್ಧಾಂಜಲಿ ಪುಟ ಹರಡಿಕೊಂಡು, ನಮ್ಮ ಪಟ್ಟಿಯಲ್ಲಿದ್ದವರು ಯಾರಾದರೂ ಹೋಗಿದ್ದರೆ ಅವರ ಹೆಸರಿಗೆ ಮೊದಲು "ಲಿಂ." ಸೇರಿಸುವುದು. ಲಿಂಗೈಕ್ಯರಾದವರು ಕಾರ್ಡಿನಲ್ಲಿ ಹಾಗೇ ಬರಬೇಕಲ್ಲ. ಸೇರಿಸಿದ ಮೇಲೆ ಚಹಾ ತರಿಸುತ್ತಿದ್ದರು. ಮೂರು ವರ್ಷದ ಹಿಂದೆ ಅವರೇ ಹೋದಮೇಲೆ ಆ ಕೆಲಸ ನಾನು ಮುಂದುವರಿಸಿದೆ. ಮೊದಲ ಸೋಮವಾರ ಸರದಿ ಅವರ ಮನೆತನದ ಸಾಲಿಗೇ ಬಂತು. ಅವರ ಹೆಸರಿಗೇ ಸೇರಿಸಿದೆ. ಚಹಾ ಮಾತ್ರ ಸೇರಲಿಲ್ಲ.

ಅದೇ ಕೈಯಿಂದ ಇನ್ನೊಂದೂ ಮಾಡಿದೆ, ಹೇಳಲು ನಾಚಿಕೆ. ಪ್ರತಿ ಕಾರ್ಡಿನ ಬುಡದಲ್ಲಿ ಸಣ್ಣಗೆ "ಅಕ್ಷರ ಜೋಡಣೆ: ಗುರುಪಾದಪ್ಪ" ಎಂದು ಬರುತ್ತಿತ್ತು. ಅದನ್ನು ತೆಗೆದು ನನ್ನ ಹೆಸರು ಹಾಕಿಕೊಂಡೆ. ವ್ಯವಹಾರ ಅಂದುಕೊಂಡೆ.

ಆಗ ಬಂದ ಸಂಕಟ ಇದು. ಕೆಂಚನಗುಡ್ಡದ ನೀಲಮ್ಮನವರ ಎರಡನೆಯ ಮಗಳ ಮದುವೆ, ಗಂಡು ಕುರುಗೋಡಿನದು. ಕಾರ್ಡು ಬರೆಯಲು ಕೊಟ್ಟಾಗಲೇ ನೀಲಮ್ಮನವರು ಹೇಳಿ ಹೋಗಿದ್ದರು: "ದೊಡ್ಡಾಕಿ ಮದಿವ್ಯಾಗ ಗುರುಪಾದಣ್ಣ ಹೆಂಗ ಹಾಕಿದ್ದ ಹಂಗ ಹಾಕವ್ವ. ನನ್ನ ಏನೂ ಕೇಳಬ್ಯಾಡ. ಹಿಂದ ಮುಂದ ಆದ್ರ ನಮ್ಮ ಮೈದುನ ಮಂಟಪಕ್ಕ ಕಾಲಿಡಂಗಿಲ್ಲ." ತಂದೆ ಇಲ್ಲದ ಹುಡುಗಿ, ಧಾರೆಯೆರೆಯಬೇಕಾದವನು ಅದೇ ಮೈದುನ. ಹದಿನೇಳು ಹೆಸರು. ನನಗೆ ನೆನಪಿದ್ದದ್ದು ಒಂಬತ್ತು. ಗುರುವಾರ ಕರಡು ನೋಡಲು ಬರುವವರಿದ್ದರು.

ಬುಧವಾರ ಖಾಜಾನನ್ನು ಕರೆಸಿ ಮನಸ್ಸಿಗೆ ಬಂದಂತೆ ಮಾತಾಡಿದೆ. ಪಾಪ, ಅವನು ಬೈಸಿಕೊಂಡು, "ಅಕ್ಕಾ, ಅಣ್ಣಾರು ಎಲ್ಲ್ಯಾರ ಒಂದ್ ಕಾಪಿ ಇಟ್ಟಿರ್ತಾರ ನೋಡ್ರಿ. ಅವ್ರು ನಿಮ್ಮಂಗ ಅಲ್ಲ" ಅಂದ. ಆ ಕೊನೆಯ ಮಾತು ಬೇಕಿರಲಿಲ್ಲ. ಆದರೆ ಹುಡುಕಿದೆ. ದೇವರ ಫೋಟೋದ ಹಿಂದೆ ಗುರುಪಾದಣ್ಣನ ವಿಭೂತಿ ಡಬ್ಬಿ, ಅದರೊಳಗೆ ಪೆನ್ ಡ್ರೈವ್! ಕೆಡದಿರಲಿ ಅಂತ ಯಾರಾದರೂ ವಿಭೂತಿಯಲ್ಲಿ ಪೆನ್ ಡ್ರೈವ್ ಹೂಳುತ್ತಾರೆಯೇ? ಖಾಜಾ ಅದನ್ನು ಊದಿ ಊದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ಕಂಪ್ಯೂಟರಿಗೆ ಚುಚ್ಚಿದ. ಅವನ ಮೀಸೆಯೆಲ್ಲ ಬೆಳ್ಳಗಾಗಿತ್ತು. ಹತ್ತು ನಿಮಿಷದಲ್ಲಿ ಪರದೆ ಕಡಲೆಹಿಟ್ಟಿನ ಬಣ್ಣಕ್ಕೆ ತಿರುಗಿತು. "ಕೆಂಚ" ಒತ್ತಿ ಸ್ಪೇಸ್ ಕೊಟ್ಟೆ. ಹದಿನೇಳೂ ಹೆಸರು ಬಂದು ನಿಂತವು. ಕುಣಿಯುವುದೊಂದು ಬಾಕಿ. ಎಣಿಸಿದೆ, ಓದಲಿಲ್ಲ.

ಗುರುವಾರ ನೀಲಮ್ಮನವರು ಬಂದು ಕನ್ನಡಕ ಏರಿಸಿ, ಬೆರಳಿಟ್ಟು ಓದತೊಡಗಿದರು. ಮೊದಲ ಸಾಲಿನಲ್ಲೇ ಬೆರಳು ನಿಂತಿತು. ಇಣುಕಿದೆ. "ಶ್ರೀಮತಿ ನೀಲಮ್ಮ ಮತ್ತು ಶ್ರೀ ಪಂಪನಗೌಡರು." ಗೌಡರ ಹೆಸರಿಗೆ "ಲಿಂ." ಇಲ್ಲ. ನೀಲಮ್ಮನವರ ಯಜಮಾನರು ಹೋಗಿ ನಾಲ್ಕು ವರ್ಷವಾಗಿತ್ತು. ಗುರುಪಾದಣ್ಣ ಪೆನ್ ಡ್ರೈವ್ ಹೂತದ್ದು ಅದಕ್ಕೂ ಮೊದಲು. ಆಮೇಲೆ ಸೇರಿಸಿದ್ದನ್ನೆಲ್ಲ ನಾನೇ ಅಳಿಸಿ ಹಾಕಿಸಿದ್ದೆ. ಸತ್ತವರನ್ನೆಲ್ಲ ಎಬ್ಬಿಸಿ ಮದುವೆಗೆ ಕರೆಯಲು ನಿಲ್ಲಿಸಿದ್ದೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ತಪ್ಪಾತ್ರಿ ಅಮ್ಮಾರ, ಈಗ ತಿದ್ದಿ ಕೊಡ್ತೀನ್ರಿ" ಅಂದೆ.

ಅವರು ಬೆರಳು ತೆಗೆಯಲಿಲ್ಲ. "ದೊಡ್ಡಾಕಿ ಮದಿವ್ಯಾಗ ಹಿಂಗ ಇತ್ತಲ್ಲವ್ವ" ಅಂದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡರು. "ಇದೊಂದು ನನಗಿರಲಿ. ಮಂದಿಗೆ ಕೊಡಾವ ತಿದ್ದು."

ತಿದ್ದಿದೆ. ಸೋಮವಾರ ಬಾಗಿಲು ಅರ್ಧ ಎಳೆದುಕೊಂಡು ಇಡೀ ಪಟ್ಟಿ ತೆಗೆದೆ. ಐದು ವರ್ಷದ ಸಾವು ಒಂದೇ ದಿನಕ್ಕೆ ಬಂದರೆ ಹೇಗಿರುತ್ತದೆ ಅಂತ ಆವತ್ತು ಗೊತ್ತಾಯಿತು. ನೆನಪಾದವರಿಗೆಲ್ಲ ಸೇರಿಸಿದೆ, ಅನುಮಾನ ಬಂದಲ್ಲಿ ಫೋನು ಮಾಡಿ ಕೇಳಿದೆ, ಬದುಕಿದ್ದ ಒಬ್ಬರಿಂದ ಬೈಸಿಕೊಂಡೆ. ಸಂಜೆಗೆ ಬಾದನಹಟ್ಟಿಯ ಗುರುಪಾದಣ್ಣನ ಸಾಲಿಗೆ ಬಂದೆ. ಅಲ್ಲಿಯೂ ಸೇರಿಸಿದೆ, ಎರಡನೆಯ ಸಲ. ಈ ಸಲ ಚಹಾ ತರಿಸಿ ಕುಡಿದೆ.

ನೀಲಮ್ಮನವರ ಕಾರ್ಡು ಅಚ್ಚಾಗಿ ಬಂದು ಈಗ ಮೇಜಿನ ಮೇಲಿದೆ. ಹದಿನೇಳು ಹೆಸರೂ ಅವರವರ ಜಾಗದಲ್ಲಿವೆ. ಬುಡದಲ್ಲಿ ಸಣ್ಣ ಅಕ್ಷರದಲ್ಲಿ, ಪೆನ್ ಡ್ರೈವಿನಿಂದ ಬಂದಂತೆಯೇ, "ಅಕ್ಷರ ಜೋಡಣೆ: ಗುರುಪಾದಪ್ಪ". ಆ ಸಾಲೊಂದನ್ನು ನಾನು ಮುಟ್ಟಲಿಲ್ಲ.